ಪಚ್ಚೆ ಬೊಟ್ಟಿನ ಹಿಂದಾಣ ಚರಿತ್ರೆ



ಮಕ್ಕೊ ಮನೆಂದಲೇ ಆಫೀಸು ಕೆಲಸ ಮಾಡ್ಲೆ ಸುರು ಮಾಡಿದ ಮತ್ತೆ, "ಕಂಪ್ಯೂಟರಿಲಿ ಹೆಸರಿನ ಕರೆಲಿ ಒಂದು ಪಚ್ಚೆ ಬೊಟ್ಟು ಕಾಣ್ತನ್ನೆ, ಅದೆಂತರ?" ಹೇಳಿ ನಿಂಗೊ ಕೆಲವು ಜೆನ ಕೇಳಿದಿ. ಒಂದು ಗೆರೆಲಿ ಹೇಳ್ತರೆ, "ಈ ಜೆನ ಈಗ ಇದ್ದವು, ಮಾತಾಡ್ಸಲಕ್ಕು" ಹೇಳ್ತದರ ಗುರ್ತ ಅದು. ಆದರೆ ಆ ಸಣ್ಣ ಬೊಟ್ಟಿಂಗೆ ಐವತ್ತು ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದ್ದು. ಅದರ ಓದಿಗೊಂಡು ಹೋಪಗ, ಇದು ಆಫೀಸಿನವರ ಸಂಗತಿ ಮಾಂತ್ರ ಅಲ್ಲ, ಮನೆಲಿಪ್ಪ ನಮ್ಮ ಸಂಗತಿಯೂ ಅಪ್ಪು ಹೇಳಿ ಎನಗೆ ಕಂಡತ್ತು. ಹಾಂಗಾಗಿ ರಜ್ಜ ವಿಸ್ತಾರಲ್ಲೇ ಬರೆತ್ತೆ.

ಒಬ್ಬರ ಮಾತಾಡ್ಸಲೆ ಹೆರಟರೆ ನವಗೆ ಎರಡು ಪ್ರಶ್ನೆಗೆ ಉತ್ತರ ಬೇಕು. ಒಂದು, ಅವು ಇದ್ದವಾ? ಇನ್ನೊಂದು, ಅವಕ್ಕೆ ಪುರುಸೊತ್ತಿದ್ದಾ? ಎರಡೂ ಒಂದೇ ಅಲ್ಲ. ಮಾವ ಮನೆಲೇ ಇಕ್ಕು, ಆದರೆ ಪೂಜೆಗೆ ಕೂಯಿದವು ಹೇಳಿ ಆದರೆ ಮಾತಾಡ್ಸಲಾಗ. ಅತ್ತೆ ಅಟ್ಟುಂಬೊಳಲ್ಲೇ ಇಕ್ಕು, ಆದರೆ ಕೈಲಿಡೀ ಹಪ್ಪಳದ ಹಿಟ್ಟು ಇಪ್ಪಗ ಫೋನು ತೆಗವಲೆ ಎಡಿಯ. ಇಪ್ಪದು ಬೇರೆ, ಸಿಕ್ಕುದು ಬೇರೆ. ಈ ಎರಡರ ಎಡೆಲಿಪ್ಪ ವ್ಯತ್ಯಾಸವ ಯಂತ್ರಕ್ಕೆ ಅರ್ಥ ಮಾಡ್ಸಲೆ ಎಷ್ಟು ಜೆನ ಎಷ್ಟು ವರ್ಷ ಬಙ ಬಂದವು ಹೇಳ್ತದೇ ಈ ಚರಿತ್ರೆ.

ನಮ್ಮ ಊರಿಲಿ ಮದಲಿಂಗೆ ಇದಕ್ಕೆ ಯಂತ್ರ ಬೇಕಾಗಿತ್ತಿಲ್ಲೆ. ಮನೆಗೊ ಒಂದಕ್ಕೊಂದು ದೂರ, ಗುಡ್ಡೆಯ ಆಚ ಹೊಡೆಲಿ ಒಂದು, ಈಚ ಹೊಡೆಲಿ ಒಂದು. ಇಲ್ಲಿಂದ "ಕೂ" ಹಾಕುದು, ಅಲ್ಲಿಂದ ತಿರುಗಿ "ಕೂ" ಬಂದರೆ ಜೆನ ಇದ್ದವು ಹೇಳಿ ಲೆಕ್ಕ. ಮಾಡಿಂದ ಹೊಗೆ ಬಂದರೆ ಅಡಿಗೆ ಸುರು ಆಯಿದು. ಜೆಗಿಲಿಯ ಬಾಗಿಲು ತೆಗದಿದ್ದರೆ ಬಪ್ಪಲಕ್ಕು, ಎರಸಿದ್ದರೆ ಮನುಗಿದ್ದವು. ಹೆಮ್ಮಕ್ಕೊಗೆ ಇನ್ನೊಂದು ಗುರ್ತವೂ ಇತ್ತು, "ಹೆರ ಕೂಪದು". ಮೂರು ದಿನ ಆರೂ ಮುಟ್ಟವು, ಕೆಲಸ ಹೇಳವು. ಮನೆಯ ಹೆಮ್ಮಕ್ಕೊಗೆ ವರ್ಷಲ್ಲಿ ಸಿಕ್ಕಿಗೊಂಡಿದ್ದ ರಜೆ ಅದೊಂದೇ. ಆದರೆ ಅದರ ಅವು ಆರಿಸಿಗೊಂಡದಲ್ಲ. ಆರಿಂಗೂ ಹೇಳ್ಲೆ ಮನಸ್ಸಿಲ್ಲದ್ದ ಸಂಗತಿ ಜೆಗಿಲಿಗೆ ಬಂದವಕ್ಕೆಲ್ಲ ಗೊಂತಾಗಿಂಡಿತ್ತು. ಈ ಮಾತಿನ ರಜ್ಜ ಮನಸ್ಸಿಲಿ ಮಡಿಕ್ಕೊಳ್ಳಿ, ಮುಂದೆ ಬೇಕಾವುತ್ತು.

ಟೆಲಿಫೋನು ಬಂದಪ್ಪಗ ಈ ಗುರ್ತಂಗೊ ಎಲ್ಲ ಹೋತು. ಆಚ ಹೊಡೆಲಿ ಜೆನ ಇದ್ದವಾ ಹೇಳಿ ಕಾಣದ್ದೆ ಗಂಟೆ ಬಡಿವದು! ಆ ಕಷ್ಟವ ಪರಿಹಾರ ಮಾಡಿದ್ದು ಹೆಮ್ಮಕ್ಕೊ. ಅಮೇರಿಕದ ನ್ಯೂ ಹೇವನಿಲಿ 1878ರ ಜನವರಿಲಿ ವ್ಯಾಪಾರಕ್ಕೆ ಹೇಳಿ ಮದಲ ಟೆಲಿಫೋನ್ ಎಕ್ಸ್‌ಚೇಂಜ್ ಸುರು ಆತು. ಸುರುವಿಂಗೆ ಈ ಕೆಲಸಕ್ಕೆ ಮಾಣಿಯಂಗಳ ತೆಕ್ಕೊಂಡವು. ಅವು ಫೋನು ಮಾಡಿದವಕ್ಕೆ ಪೋಕ್ರಿ ಉತ್ತರ ಕೊಟ್ಟುಗೊಂಡಿತ್ತವು. ಅದೇ ವರ್ಷ ಸೆಪ್ಟೆಂಬರ್ 1ಕ್ಕೆ ಬೋಸ್ಟನಿಲಿ ಎಮ್ಮಾ ನಟ್ ಹೇಳ್ತವು ಕೆಲಸಕ್ಕೆ ಸೇರಿದವು. ಲೋಕಲ್ಲೇ ಮದಲ ಟೆಲಿಫೋನ್ ಆಪರೇಟರ್ ಹೆಮ್ಮಕ್ಕೊ ಅವು. ಮತ್ತೆ ಸಣ್ಣ ಸಣ್ಣ ಊರುಗಳಲ್ಲಿ ಎಕ್ಸ್‌ಚೇಂಜಿಲಿ ಕೂದ ಹೆಮ್ಮಕ್ಕೊಗೆ ಇಡೀ ಊರಿನ ಸುದ್ದಿ ಗೊಂತಿಕ್ಕು. ಡಾಕ್ಟ್ರು ಮನೆಲಿ ಇಲ್ಲೆ, ಇಂಥವರ ಮನೆಗೆ ಹೆರಿಗೆಗೆ ಹೋಯಿದವು, ಅಲ್ಲಿಗೇ ಕೊಡ್ತೆ ಹೇಳುಗು. "ಎಲ್ಲಿದ್ದವು, ಹೇಂಗೆ ಸಿಕ್ಕುಗು" ಹೇಳ್ತದರ ಲೆಕ್ಕ ಮಡಿಕ್ಕೊಂಡ ಮದಲ ಸಾಫ್ಟ್‌ವೇರ್ ಹೇಳಿರೆ ಆ ಹೆಮ್ಮಕ್ಕಳ ತಲೆಯೇ ಸರಿ.

ನಮ್ಮಲ್ಲಿಯೂ ಟ್ರಂಕ್ ಕಾಲಿನ ಕಾಲಲ್ಲಿ "ಪಿ.ಪಿ." ಹೇಳಿ ಇತ್ತು, ನೆಂಪಿದ್ದಾ? ಪರ್ಟಿಕ್ಯುಲರ್ ಪರ್ಸನ್, ಹೇಳಿರೆ ಇಂಥವೇ ಬರೆಕ್ಕು ಹೇಳಿ ಬುಕ್ ಮಾಡ್ತ ಕಾಲು. ಮತ್ತೆ ಆ ಎರಡಕ್ಷರ ಹತ್ತರಾಣ ಮನೆಯ ಫೋನಿಂಗೆ ಹೆಸರಾತು. ಮದುವೆ ಕಾಗದಲ್ಲಿ ನಂಬ್ರದ ಕರೆಲಿ ಪಿ.ಪಿ. ಹೇಳಿ ಬರದಿಕ್ಕು. ಫೋನಿಪ್ಪ ಮನೆಯ ಅಕ್ಕ ಜಾಲಿಂಗೆ ಬಂದು ದೆನುಗೇಳೆಕ್ಕು, ಈಚವು ಓಡಿಗೊಂಡು ಹೋಯೆಕ್ಕು. ಅದಕ್ಕೆ ಸಂಬಳ ಇಲ್ಲೆ, ಹೆಸರೂ ಇಲ್ಲೆ. ಆದರೆ "ಅದು ಈಗಷ್ಟೆ ಹಟ್ಟಿಗೆ ಹೋತು, ಹತ್ತು ನಿಮಿಷ ಬಿಟ್ಟು ಮಾಡಿ" ಹೇಳ್ತ ಆ ಒಂದು ಮಾತು ಇದ್ದನ್ನೆ, ಅದರ ಮಾಡ್ಲೆ ಯಂತ್ರಕ್ಕೆ ಎಷ್ಟೋ ವರ್ಷ ಬೇಕಾತು.

ಇನ್ನು ಕಂಪ್ಯೂಟರಿಂಗೆ ಬಪ್ಪೊ. 1960ರ ದಶಕಲ್ಲಿ ಕಂಪ್ಯೂಟರ್ ಹೇಳಿರೆ ಒಂದು ಕೋಣೆ ತುಂಬುವಷ್ಟು ದೊಡ್ಡದು. ಅದಕ್ಕೆ ಬೇರೆ ಬೇರೆ ಕೋಣೆಂದ ವಯರು ಎಳದು, ಒಂದೇ ಯಂತ್ರವ ಹತ್ತಾರು ಜೆನ ಒಟ್ಟಿಂಗೆ ಉಪಯೋಗಿಸಿಗೊಂಡಿತ್ತವು. ದೊಡ್ಡ ಕುಟುಂಬಲ್ಲಿ ಒಂದೇ ಬಾವಿ ಇದ್ದ ಹಾಂಗೆ. ಬಾವಿಕಟ್ಟೆಲಿ ಆರಾರು ಇದ್ದವು ಹೇಳಿ ನೋಡ್ಲೆ "ಹೂ" ಹೇಳ್ತ ಒಂದು ಆಜ್ಞೆ ಇತ್ತು. ಹೂ ಹೇಳಿರೆ ಇಂಗ್ಲೀಷಿಲಿ "ಆರು" ಹೇಳಿ ಅರ್ಥ, ನಮ್ಮ ಮಲ್ಲಿಗೆ ಹೂಗು ಅಲ್ಲ!

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಲ್ಲಿ ಜೆನಂಗೊ ಹೊತ್ತು ಗೊತ್ತು ಇಲ್ಲದ್ದೆ ಕೆಲಸ ಮಾಡಿಗೊಂಡಿತ್ತವು. ಕೆಲವು ಜೆನ ಹಗಲು, ಕೆಲವು ಜೆನ ನೆಡಿರುಳು. ಅಲ್ಯಾಣ "ಹೂ" ಪಟ್ಟಿಲಿ ಪೂರ್ತಿ ಹೆಸರಿಲ್ಲೆ, ಬರೇ ಅಕ್ಷರಂಗೊ. ಜೆನಂಗೊ ಪರದೆಯ ಮೇಲೆ ಬೆರಳು ಮಡುಗಿ, ಒಂದೊಂದೇ ಗೆರೆ ಇಳುಶಿಗೊಂಡು, ಇದು ಇಂಥವು, ಇದು ಇಂಥವು ಹೇಳಿ ಹುಡ್ಕುತ್ತದರ ಲೆಸ್ ಅರ್ನೆಸ್ಟ್ ಹೇಳ್ತವು ನೋಡಿದವು. 1971ರಲ್ಲಿ ಅವು ಒಂದು ಪ್ರೋಗ್ರಾಮ್ ಬರದವು. ಅದು ಪೂರ್ತಿ ಹೆಸರು ತೋರ್ಸುಗು, ಆ ಜೆನ ಕೀಲಿಮಣೆ ಮುಟ್ಟದ್ದೆ ಎಷ್ಟು ಹೊತ್ತಾತು ಹೇಳಿಯೂ ತೋರ್ಸುಗು. ಬೆರಳು ಮಡುಗಿ ಹುಡ್ಕಿಗೊಂಡಿದ್ದದರ ನೋಡಿ ಹುಟ್ಟಿದ್ದಕ್ಕೆ ಅದಕ್ಕೆ "ಫಿಂಗರ್" ಹೇಳಿಯೇ ಹೆಸರು.

ಮತ್ತೆ ಅಲ್ಯಾಣ ಜೆನಂಗೊ ಇನ್ನೊಂದು ಕೇಳಿದವು. ನಾವು ಇಲ್ಲದ್ದಿಪ್ಪಗ ಎಂತಕೆ ಇಲ್ಲೆ, ಅಂಬೇರ್ಪು ಇದ್ದರೆ ಹೇಂಗೆ ಸಿಕ್ಕುತ್ತು ಹೇಳಿ ಬರದು ಮಡುಗುಲೆ ಒಂದು ಜಾಗೆ ಬೇಕು ಹೇಳಿ. ಅದಕ್ಕೆ ಅರ್ನೆಸ್ಟ್ "ಪ್ಲಾನ್" ಹೇಳ್ತ ಒಂದು ಕಡತ ಮಾಡಿದವು. ಊರಿಂಗೆ ಹೋವುತ್ತೆ, ಇಂಥ ದಿನ ಬತ್ತೆ, ಈ ನಂಬ್ರಕ್ಕೆ ಮಾಡಿ ಹೇಳಿ ಅದರಲ್ಲಿ ಬರದು ಮಡುಗುಲಕ್ಕು. ಆರಾದರೂ ಫಿಂಗರ್ ಮಾಡಿರೆ ಅದು ಕಾಂಗು. ಕೆಲವು ಜೆನ ತಮಾಷೆಯನ್ನೂ ಬರದವು. ಬಾಗಿಲಿಂಗೆ ಚೀಟಿ ಅಂಟ್ಸಿ ಹೋಪ ನಮ್ಮ ಕ್ರಮವೇ, ಆದರೆ ದೂರಂದಲೂ ಓದ್ಲೆ ಎಡಿತ್ತು. ಎನಗೆ ಈ ಇಡೀ ಚರಿತ್ರೆಲಿ ತುಂಬ ಕೊಶಿ ಆದ್ದು ಈ ಪ್ಲಾನ್ ಕಡತವೇ. ಎಂತಕೆ ಹೇಳಿರೆ, ಕೀಲಿಮಣೆ ಮುಟ್ಟಿ ಎಷ್ಟು ಹೊತ್ತಾತು ಹೇಳಿ ಯಂತ್ರ ಹೇಳುಗು; ಅದು ಎಂತಕೆ ಹೇಳಿ ಮನುಷ್ಯನೇ ಹೇಳೆಕ್ಕಷ್ಟೆ.

ಅದೇ 1971ರ ಹೊತ್ತಿಂಗೆ ಬೆಲ್ ಲ್ಯಾಬ್ಸಿಲಿ ಯುನಿಕ್ಸ್ ಹೇಳ್ತ ವ್ಯವಸ್ಥೆ ಹುಟ್ಟಿತ್ತು. ಅದರಲ್ಲಿ ಒಬ್ಬರ ಪರದೆಗೆ ಇನ್ನೊಬ್ಬರು ಕೂದಲ್ಲಿಂದಲೇ ಸುದ್ದಿ ಬರವಲೆ ಎಡಿಗಾಗಿಂಡಿತ್ತು. ಆದರೆ ಒಟ್ಟಿಂಗೇ ಒಂದು ಚಿಲಕವನ್ನೂ ಮಡುಗಿದವು. "ಮೆಸ್ಗ್ ಎನ್" ಹೇಳಿ ಬರದರೆ ಮತ್ತೆ ಆರೂ ಉಪದ್ರ ಕೊಡ್ಲೆ ಎಡಿಯ. ಬಾಗಿಲು ಮಾಡಿದವೇ ಚಿಲಕವನ್ನೂ ಮಾಡಿದ್ದದು ಎನಗೆ ಸರಿ ಕಂಡತ್ತು.

1977ರಲ್ಲಿ ಫಿಂಗರಿಂಗೆ ಒಂದು ನಿಯಮ ಬರದಾತು, ಬೇರೆ ಊರಿನ ಕಂಪ್ಯೂಟರಿಲಿಪ್ಪವರನ್ನೂ ವಿಚಾರ್ಸುಲೆ ಎಡಿಗಾತು. ಆದರೆ ಜೆಗಿಲಿಲಿ ಕೂದು ಕೇಳಿದವಕ್ಕೆಲ್ಲ ಉತ್ತರ ಕೊಡ್ತ ಅಭ್ಯಾಸಲ್ಲಿ ಅಪಾಯವೂ ಇದ್ದನ್ನೆ. 1988ರ ನವೆಂಬರ್ 2ಕ್ಕೆ ರಾಬರ್ಟ್ ಮಾರಿಸ್ ಹೇಳ್ತ ವಿದ್ಯಾರ್ಥಿ ಬಿಟ್ಟ ಒಂದು ಹುಳು ಪ್ರೋಗ್ರಾಮ್ ಅಮೇರಿಕದ ಸಾವಿರಾರು ಕಂಪ್ಯೂಟರುಗಳ ಹಿಡುದತ್ತು. ಒಳ ಹೋಪಲೆ ಅದಕ್ಕೆ ಸಿಕ್ಕಿದ ದಾರಿಗಳಲ್ಲಿ ಒಂದು ಈ ಫಿಂಗರಿಂಗೆ ಉತ್ತರ ಕೊಡ್ತ ಪ್ರೋಗ್ರಾಮಿಲಿ ಒಳುದ ಒಂದು ದೋಷ. ಮತ್ತಾಣ ವರ್ಷಂಗಳಲ್ಲಿ ತುಂಬ ಸಂಸ್ಥೆಗೊ ಆ ಬಾಗಿಲನ್ನೇ ಮುಚ್ಚಿದವು.

ಇನ್ನಾಣ ಹೆಜ್ಜೆ ಇಂಗ್ಲೆಂಡಿನ ಕೇಂಬ್ರಿಡ್ಜಿಲಿ. ಅಲ್ಲಿ ಒಲಿವೆಟ್ಟಿ ಸಂಶೋಧನಾಲಯಲ್ಲಿ ರಾಯ್ ವಾಂಟ್, ಆಂಡಿ ಹಾಪರ್, ವೆರೊನಿಕಾ ಫಾಲ್ಕಾವೊ ಮತ್ತೆ ಜೊನಾಥನ್ ಗಿಬ್ಬನ್ಸ್ ಹೇಳ್ತವು ಸೇರಿ "ಆ್ಯಕ್ಟಿವ್ ಬ್ಯಾಡ್ಜ್" ಮಾಡಿದವು. ಅಂಗಿಗೆ ಸಿಕ್ಕುಸುವ ಬಿಲ್ಲೆ, ಸುಮಾರು 40 ಗ್ರಾಂ ತೂಕ. ಟಿವಿ ರಿಮೋಟಿಲಿ ಇಪ್ಪ ಹಾಂಗಿಪ್ಪ ಕಣ್ಣಿಂಗೆ ಕಾಣದ್ದ ಬೆಣಚ್ಚಿಲಿ 15 ಸೆಕೆಂಡಿಂಗೊಂದರಿ "ಆನು ಇಲ್ಲಿದ್ದೆ" ಹೇಳುಗು. ಕೋಣೆ ಕೋಣೆಲಿ ಅದರ ಕೇಳ್ತ ಪೆಟ್ಟಿಗೆ. ಆ ಬೆಣಚ್ಚು ಗೋಡೆ ದಾಂಟ, ಹಾಂಗಾಗಿ ಏವ ಕೋಣೆಲಿ ಇದ್ದವು ಹೇಳಿ ಸರಿಯಾಗಿ ಗೊಂತಕ್ಕು. ಇದರಿಂದ ಹೆಚ್ಚು ಉಪಕಾರ ಆದ್ದು ಫೋನು ತೆಗೆತ್ತವಕ್ಕೆ. ಎದುರಾಣ ಪರದೆಲಿ ನೋಡಿ, ಆ ಜೆನ ಇಪ್ಪ ಕೋಣೆಯ ಫೋನಿಂಗೇ ಕೊಡುಗು. ನಮ್ಮ ಪಿ.ಪಿ. ಅಕ್ಕ ಜಾಲಿಂಗೆ ಬಂದು ದೆನುಗೇಳಿದ ಹಾಂಗೇ, ಆದರೆ ಗಂಟಲು ಬೇನೆ ಇಲ್ಲೆ!

ಇದರ ವಿವರ 1992ರಲ್ಲಿ ಪ್ರಕಟ ಆತು. ಅದರಲ್ಲಿ ಒಂದು ಸಣ್ಣ ಸಂಗತಿ ಇದ್ದು. ಬಿಲ್ಲೆಲಿ ಬೆಣಚ್ಚಿನ ಗುರ್ತು ಹಿಡಿವ ಒಂದು ಭಾಗ ಮಡುಗಿತ್ತಿದ್ದವು. ಕಸ್ತಲೆ ಆದರೆ ಬಿಲ್ಲೆ ಒರಗುತ್ತು. ಬ್ಯಾಟರಿ ಒಳಿಶುಲೆ ಹೇಳಿ ಮಾಡಿದ್ದದು. ಆದರೆ ಮೇಜಿನ ಖಾನೆಲಿ ಹಾಕಿದ ಕೂಡ್ಲೆ ನಿಂಗೊ ಎಲ್ಲಿದ್ದಿ ಹೇಳಿ ಆರಿಂಗೂ ಗೊಂತಾಗ ಹೇಳಿಯೂ ಆತನ್ನೆ. ಸುರುವಿಂಗೆ ಇದು ಎಂತ ಕಾವಲು ಹೇಳಿ ಹೆದರಿದವು ಇತ್ತಿದ್ದವು. ಒಬ್ಬಕ್ಕೊಬ್ಬ ಗೊಂತಿಪ್ಪ ಸಣ್ಣ ಸಂಸ್ಥೆಲಿ ಮತ್ತೆ ಅದು ಅಭ್ಯಾಸ ಆತು. ದೊಡ್ಡ ಯಜಮಾನನ ಕೈಗೆ ಸಿಕ್ಕಿರೆ ಎಂತಕ್ಕು ಹೇಳ್ತ ಪ್ರಶ್ನೆ ಮಾಂತ್ರ ಹಾಂಗೇ ಒಳುದತ್ತು.

ಅದೇ ಹೊತ್ತಿಂಗೆ ಜೆರಾಕ್ಸ್ ಕಂಪೆನಿಯ ಸಂಶೋಧಕರು ಕ್ಯಾಲಿಫೋರ್ನಿಯಾ ಮತ್ತೆ ಕೇಂಬ್ರಿಡ್ಜಿನ ಎಡೆಲಿ "ಪೋರ್ಟ್‌ಹೋಲ್ಸ್" ಹೇಳಿ ಒಂದು ಮಾಡಿದವು. ಪಾಲ್ ಡೂರಿಷ್ ಮತ್ತೆ ಸಾರಾ ಬ್ಲೈ ಅದರ ಬಗ್ಗೆ 1992ರಲ್ಲಿ ಬರದವು. ಎರಡು ಊರಿಂಗೂ ಎಂಟು ಗಂಟೆ ವ್ಯತ್ಯಾಸ. ಒಬ್ಬೊಬ್ಬರ ಕೋಣೆಯ ಸಣ್ಣ ಪಟ ರಜ್ಜ ರಜ್ಜ ಹೊತ್ತಿಂಗೊಂದರಿ ಇನ್ನೊಂದು ಹೊಡೆಲಿ ಕಾಂಗು. ಮಾತಿಲ್ಲೆ ಕತೆಯಿಲ್ಲೆ. ಓ, ಇಂಥವು ಬೈಂದವು, ಇಂಥವು ಈಗ ಹೆರಟವು ಹೇಳಿ ಗೊಂತಪ್ಪದು, ಅಷ್ಟೆ. ಆದರೂ ದೂರಲ್ಲಿಪ್ಪವು ಹತ್ತರೆ ಇದ್ದ ಹಾಂಗೆ ಆವುತ್ತು ಹೇಳಿ ಕಂಡುಗೊಂಡವು. ಗಲ್ಫಿಲಿ, ಅಮೇರಿಕಲ್ಲಿ ಮಕ್ಕೊ ಇಪ್ಪ ಅಬ್ಬೆಕ್ಕೊಗೆ ಇದರ ವಿವರ್ಸಿ ಹೇಳೆಕ್ಕು ಹೇಳಿ ಇಲ್ಲೆ. ಇರುಳು ಮನುಗುವ ಮದಲು, "ಲಾಸ್ಟ್ ಸೀನ್ ಹತ್ತು ನಿಮಿಷ ಮದಲು" ಹೇಳಿ ನೋಡಿ, ಸಾಕು, ಮಾಣಿ ಎದ್ದಿದ° ಹೇಳಿ ಸಮಾಧಾನ ಮಾಡಿಗೊಂಬದು ಇದುವೇ.

1996ರಲ್ಲಿ ಇಸ್ರೇಲಿನ ನಾಲ್ಕು ಜವ್ವನಿಗರು ಐಸಿಕ್ಯೂ ಬಿಟ್ಟವು, 1997ರಲ್ಲಿ ಅಮೇರಿಕದ ಎಒಎಲ್ ಕಂಪೆನಿದು ಬಂತು. ಅಂಬಗ ಆರು ಇದ್ದವು, ಆರು ಇಲ್ಲೆ ಹೇಳ್ತ ಪಟ್ಟಿ ಲೋಕಕ್ಕೆಲ್ಲ ಹಬ್ಬಿತ್ತು. ಮಕ್ಕೊ ಚಾಟು ಮಾಡ್ಲೆ ಹೇಳಿ ಬಂದದು ಆಫೀಸಿಂಗೂ ನುಗ್ಗಿತ್ತು. ಬಾನಿ ನಾರ್ಡಿ ಹೇಳ್ತ ಸಂಶೋಧಕಿಯೂ ಅವರ ಜೊತೆಯವೂ ಆಫೀಸಿನವು ಇದರ ಹೇಂಗೆ ಉಪಯೋಗ್ಸುತ್ತವು ಹೇಳಿ ನೋಡಿ 2000ರಲ್ಲಿ ಬರದವು. ಜೆನಂಗೊ ಸಂಗತಿ ಹೇಳ್ಲೆ ಮಾಂತ್ರ ಅಲ್ಲ, "ಪುರುಸೊತ್ತಿದ್ದಾ? ಫೋನು ಮಾಡ್ಲಕ್ಕಾ?" ಹೇಳಿ ಕೇಳ್ಲೇ ಅದರ ತುಂಬ ಉಪಯೋಗ್ಸಿಗೊಂಡಿತ್ತವು. ಮತ್ತೊಂದು, ಉತ್ತರ ಕೊಡದ್ದರೆ ಕಾಣದ್ದ ಹಾಂಗೆ ಇಪ್ಪಲೂ ಆವುತ್ತು. ಕಂಪ್ಯೂಟರ್ ಇದ್ದು, ಜೆನ ಕಾಪಿ ಕುಡಿವಲೆ ಹೋದಿಕ್ಕು ಹೇಳಿ ಆಚವು ಗ್ರೇಶುಗು. ಆರ ಮೋರೆಯೂ ಕೆಂಪಾಗ. ಈ ಸಣ್ಣ ಮುಸುಕು ಇದ್ದನ್ನೆ, ಅದು ಸಂಬಂಧ ಒಳಿಶುಲೆ ಬೇಕಾದ್ದು.

2000ದ ಮತ್ತೆ, ಬರೇ "ಇದ್ದವಾ" ಬಿಟ್ಟು "ಪುರುಸೊತ್ತಿದ್ದಾ, ಹೇಂಗೆ ಸಿಕ್ಕುಗು" ಹೇಳ್ತದರ ಯಂತ್ರಂದಲೇ ಹೇಳ್ಸುವ ಪ್ರಯತ್ನ ನೆಡದತ್ತು. ಸನ್ ಮೈಕ್ರೋಸಿಸ್ಟಮ್ಸಿನ ಸಂಶೋಧಕರು 2001ರಲ್ಲಿ ತೋರ್ಸಿದ "ಅವೇರೆನೆಕ್ಸ್" ಅಂಥದು. ಒಂದು ಪಟ್ಟಿ, ಅದರಲ್ಲಿ ಪ್ರತಿಯೊಬ್ಬನ ಹೆಸರು. ಆಫೀಸಿಲಿ ಇದ್ದವಾ, ಮನೆಲಿಯಾ, ದಾರಿಲಿ ಕೈಲಿಪ್ಪ ಯಂತ್ರಲ್ಲಿಯಾ, ಫೋನಿಲಿ ಮಾತಾಡಿಗೊಂಡಿದ್ದವಾ, ಕ್ಯಾಲೆಂಡರಿಲಿ ಮೀಟಿಂಗ್ ಇದ್ದಾ, ಕೀಲಿಮಣೆ ಮುಟ್ಟದ್ದೆ ಎಷ್ಟು ಹೊತ್ತಾತು, ಎಲ್ಲ ಒಂದೇ ಕಡೆ. ನೋಡಿಗೊಂಡು, ಏವದು ಸರಿಯೋ ಆ ದಾರಿಲಿ ಮಾತಾಡ್ಸಲಕ್ಕು. ಮರುವರ್ಷ ಅಲ್ಯಾಣವೇ ಆದ ಬಿಗೋಲ್ ಮತ್ತೆ ಜೊತೆಯವು ಈ ಲೆಕ್ಕಂಗಳ ತಿಂಗಳುಗಟ್ಳೆ ಒಟ್ಟು ಮಾಡಿ ನೋಡಿರೆ, ಒಬ್ಬೊಬ್ಬರ ದಿನಕ್ಕೂ ಒಂದೊಂದು ತಾಳ ಇಪ್ಪದು ಕಂಡತ್ತು. ಏವಗ ಬತ್ತವು, ಏವಗ ಉಂಬಲೆ ಹೋವುತ್ತವು, ಹೋದರೆ ಏವಗ ತಿರುಗಿ ಬಕ್ಕು ಹೇಳಿ ಅಂದಾಜು ಮಾಡ್ಲೆ ಎಡಿತ್ತು. ಮೈಕ್ರೋಸಾಫ್ಟಿಲಿ ಎರಿಕ್ ಹಾರ್ವಿಟ್ಜ್ ಮತ್ತೆ ಜೊತೆಯವು ಅದೇ ಹೊತ್ತಿಂಗೆ ಇಂಥದೇ ಒಂದು ಮಾಡಿದವು.

2003ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವು ಕೆಲವೇ ಜೆನರ ಆಫೀಸು ಕೋಣೆಗಳ ಚಿತ್ರ, ಶಬ್ದ ಹಿಡುದು, ಎಡೆ ಎಡೆಲಿ "ಈಗ ಮಾತಾಡ್ಸಿರೆ ಅಕ್ಕಾ?" ಹೇಳಿ ಅವರತ್ರೇ ಕೇಳಿದವು. ಕೋಣೆಲಿ ಆರಾದರೂ ಮಾತಾಡ್ತಾ ಇದ್ದವಾ, ಫೋನು ಕೈಲಿ ಇದ್ದಾ, ಇಂಥ ಸಣ್ಣ ಸಣ್ಣ ಗುರ್ತಂಗಳಿಂದಲೇ ನೂರರಲ್ಲಿ ಸುಮಾರು 78 ಸರ್ತಿ ಸರಿಯಾಗಿ ಹೇಳ್ಲೆ ಎಡಿಗು ಹೇಳಿ ಕಂಡತ್ತು. ಒಳುದ 22 ಸರ್ತಿ? ಅದಕ್ಕೆ ಬಾಗಿಲ ಹತ್ತರೆ ನಿಂದು ಮೋರೆ ನೋಡ್ಲೇ ಬೇಕಷ್ಟೆ.

ಈಗ ನಮ್ಮೆಲ್ಲರ ಕೈಲಿಪ್ಪ ವಾಟ್ಸಾಪಿನ ಕತೆ. 2009ರಲ್ಲಿ ಜಾನ್ ಕೂಮ್ ಅದರ ಸುರು ಮಾಡುವಗ ಅದು ಸುದ್ದಿ ಕಳ್ಸುವ ಯಂತ್ರವೇ ಅಲ್ಲ! ಫೋನಿಲಿಪ್ಪ ಹೆಸರಿನ ಕರೆಲಿ "ಅಂಬೇರ್ಪಿಲಿದ್ದೆ", "ಬ್ಯಾಟರಿ ಮುಗಿತ್ತಾ ಇದ್ದು" ಹೇಳಿ ತೋರ್ಸುದು ಮಾಂತ್ರ ಅದರ ಉದ್ದೇಶ. ಫೋನು ಮಾಡುವ ಮದಲು ಆಚವು ಹೇಂಗಿದ್ದವು ಹೇಳಿ ಗೊಂತಾಗಲಿ ಹೇಳಿ. ಜೆನಂಗೊ ಆ ಗೆರೆಯ ಬದಲ್ಸಿಗೊಂಡು ಅದರಲ್ಲೇ ಮಾತಾಡ್ಲೆ ಸುರು ಮಾಡಿದವು. ಅದರ ನೋಡಿ ಸುದ್ದಿ ಕಳ್ಸುವ ಏರ್ಪಾಡು ಮಾಡಿದವು. ಹೇಳಿರೆ, ನಿಂಗಳ ಹೆಸರಿನ ಅಡಿಲಿ ಇಪ್ಪ "ಅಬೌಟ್" ಹೇಳ್ತ ಗೆರೆ ಇದ್ದನ್ನೆ, ಅದು 1971ರ ಪ್ಲಾನ್ ಕಡತದ ಮೊಮ್ಮಗಳು. ನಮ್ಮಲ್ಲಿ ತುಂಬ ಜೆನ ಅದರ ಈವರೆಂಗೆ ಮುಟ್ಟಿಯೇ ಇಲ್ಲೆ.

ಇನ್ನು ಪಚ್ಚೆ ಬೊಟ್ಟು. ಸ್ಲ್ಯಾಕ್, ಟೀಮ್ಸ್ ಹೇಳ್ತ ಸಾಫ್ಟ್‌ವೇರುಗಳಲ್ಲಿ ರಜ್ಜ ಹೊತ್ತು ಕಂಪ್ಯೂಟರ್ ಮುಟ್ಟದ್ದರೆ ಬೊಟ್ಟಿನ ಬಣ್ಣ ಬದಲ್ತು. 2020ರಲ್ಲಿ ಎಲ್ಲೋರೂ ಮನೆಂದ ಕೆಲಸ ಮಾಡುವಗ ಅದರ ಬೆಲೆ ಹೆಚ್ಚಾತು. ಎಂಗಳ ಸೊಸೆ ಬಾಬೆಗೆ ಅಶನ ತಿನ್ಸುಲೆ ಹೇಳಿ ಎದ್ದರೆ ಬೊಟ್ಟು ಅರುಶಿನ ಬಣ್ಣ ಆಗಿಂಡಿತ್ತು. ಅದರ ಮೇಲಧಿಕಾರಿ ಕೂಡ್ಲೆ "ಇದ್ದೆಯಾ?" ಹೇಳಿ ಕೇಳಿಗೊಂಡಿತ್ತವು. ಕೆಲಸ ಒಂದೂ ಒಳುದ್ದಿಲ್ಲೆ, ಇರುಳು ಹನ್ನೊಂದು ಗಂಟೆಗೆ ಮುಗುಶಿ ಕಳ್ಸಿದ್ದು. ಆದರೆ ಬೊಟ್ಟು ಅದರ ಹೇಳ್ತಿಲ್ಲೆ. ಕಡೇಂಗೆ ಅದು ಬಲದ ಕೈಲಿ ತುತ್ತು, ಎಡದ ಕೈಲಿ ಮೌಸು ಹಿಡ್ಕೊಂಡು ತಿನ್ಸುಲೆ ಸುರು ಮಾಡಿತ್ತು. ಈಗ ಮೌಸಿನ ತನ್ನಷ್ಟಕ್ಕೇ ಆಡ್ಸುವ ಸಣ್ಣ ಯಂತ್ರವೂ ಪೇಟೆಲಿ ಸಿಕ್ಕುತ್ತಡ. ಜೊತೆಗಾರಂಗೆ ಉಪದ್ರ ಆಗದ್ದಿರಲಿ ಹೇಳಿ ಹುಟ್ಟಿದ್ದದು ಯಜಮಾನನ ಕಾವಲು ಆದ್ದು ಹೀಂಗೆ. ಸ್ಟ್ಯಾನ್‌ಫರ್ಡಿನವು ಕೀಲಿಮಣೆಯ ಲೆಕ್ಕದ ಒಟ್ಟಿಂಗೆ ಪ್ಲಾನ್ ಮಡುಗಿದವು. ಇಲ್ಲಿ ಲೆಕ್ಕ ಮಾಂತ್ರ ಒಳುದತ್ತು, ಪ್ಲಾನಿನ ಓದುವವು ಇಲ್ಲೆ.

ಉಪದ್ರಕ್ಕೂ ಬೆಲೆ ಇದ್ದು. ಗ್ಲೋರಿಯಾ ಮಾರ್ಕ್ ಮತ್ತೆ ಜೊತೆಯವು 2008ರಲ್ಲಿ ಪ್ರಕಟ ಮಾಡಿದ ಅಧ್ಯಯನಲ್ಲಿ, ಎಡೆಲಿ ಎಡೆಲಿ ಅಡ್ಡಿ ಆದವು ಕೆಲಸವ ಬೇಗಲೇ ಮುಗುಶಿದವು, ಆದರೆ ಅವಕ್ಕೆ ಒತ್ತಡ, ಕಿರಿಕಿರಿ ಹೆಚ್ಚು ಹೇಳಿ ಕಂಡತ್ತು. ಫ್ರಾನ್ಸಿಲಿ 2017ರ ಜನವರಿ 1ರಿಂದ, 50ಕ್ಕೆ ಮೇಲೆ ಜೆನ ಇಪ್ಪ ಕಂಪೆನಿಗೊ ಕೆಲಸದ ಹೊತ್ತು ಕಳುದ ಮತ್ತೆ ಸಂಪರ್ಕ ಬಿಡುವ ಹಕ್ಕಿನ ಬಗ್ಗೆ ನೌಕರರತ್ರೆ ಮಾತುಕತೆ ಮಾಡೆಕ್ಕು ಹೇಳಿ ಕಾನೂನು ಬಂತು. ನಮ್ಮ ಲೋಕಸಭೆಲಿಯೂ 2018ರ ಡಿಸೆಂಬರಿಲಿ ಸುಪ್ರಿಯಾ ಸುಳೆ ಇಂಥದೇ ಒಂದು ಖಾಸಗಿ ಮಸೂದೆ ಮಂಡನೆ ಮಾಡಿದವು. ಅದು ಕಾನೂನು ಆಯಿದಿಲ್ಲೆ.

ಇಷ್ಟೆಲ್ಲ ಓದಿದ ಮತ್ತೆ ಎನಗೆ ಕಂಡದು ಇದು. ಆಫೀಸಿನವಕ್ಕೆ ಬೊಟ್ಟು ಅರುಶಿನ ಅಪ್ಪಲಾದರೂ ಒಂದು ದಾರಿ ಇದ್ದು. ಮನೆಲಿಪ್ಪ ಹೆಮ್ಮಕ್ಕೊ? ನಮ್ಮ ಬೊಟ್ಟು ಉದಿಯಪ್ಪಗ ಐದು ಗಂಟೆಂದ ಇರುಳು ಹತ್ತರ ವರೆಂಗೆ ಪಚ್ಚೆಯೇ. "ಮನೆಲೇ ಇದ್ದನ್ನೆ" ಹೇಳಿರೆ "ಪುರುಸೊತ್ತಿದ್ದನ್ನೆ" ಹೇಳಿಯೇ ಎಲ್ಲೋರ ಲೆಕ್ಕ. ಕರೆಂಟಿನ ಬಿಲ್ಲಿನವು, ಗ್ಯಾಸಿನವು, ಹೇಳದ್ದೆ ಬಪ್ಪ ನೆಂಟ್ರು, ಅಂಗಿ ಎಲ್ಲಿದ್ದು ಹೇಳಿ ಕೇಳ್ತ ಗೆಂಡಂದ್ರು, ಎಲ್ಲೋರಿಂಗೂ ನಾವು ಸಿಕ್ಕೆಕ್ಕು. ಮದಲು ಸಿಕ್ಕಿಗೊಂಡಿದ್ದ ಆ ಮೂರು ದಿನದ ರಜೆಯೂ ತುಂಬ ಮನೆಗಳಲ್ಲಿ ಈಗ ಇಲ್ಲೆ. ಅದು ಹೋದ್ದು ಒಳ್ಳೆದೇ ಆತು, ಆದರೆ ಅದರ ಬದಲಿಂಗೆ ಬೇರೆಂತೂ ಬೈಂದಿಲ್ಲೆ.

ಹಾಂಗಾಗಿ ಎಂಗಳ ಮನೆಯ ಫ್ರಿಜ್ಜಿನ ಬಾಗಿಲಿಲಿ ಆನು ಒಂದು ಸಣ್ಣ ಬೋರ್ಡು ಮಡುಗಿದ್ದೆ. ಮಜ್ಜಾನ ಎರಡರಿಂದ ಮೂರೂವರೆ: ಓದುತ್ತೆ, ದೆನುಗೇಳೆಡಿ. ಅಂಬೇರ್ಪು ಹೇಳಿರೆ ನೆತ್ತರು, ಕಿಚ್ಚು, ಅಥವಾ ಗೋವು ಹಗ್ಗ ಬಿಚ್ಚಿಗೊಂಡು ಓಡಿದ್ದು ಮಾಂತ್ರ. ಸುರುವಿಂಗೆ ಎಲ್ಲೋರೂ ನೆಗೆ ಮಾಡಿದವು. ಈಗ ಮಾವನೂ ಗಡಿಯಾರ ನೋಡಿ ಮತ್ತೆ ಕಾಪಿ ಕೇಳ್ತವು.

ನಿಂಗಳ ವಾಟ್ಸಾಪಿನ ಆ ಗೆರೆಲಿ ಎಂತ ಬರದ್ದು ಹೇಳಿ ಒಂದರಿ ನೋಡಿಕ್ಕಿ. "ಅವೈಲೇಬಲ್" ಹೇಳಿ ಇದ್ದರೆ, ಬದಲ್ಸುಲೆ ಎರಡೇ ನಿಮಿಷ ಸಾಕು. ಎಂತ ಬರದಿ ಹೇಳಿ ಎನಗೂ ತಿಳಿಶಿ, ಆದರೆ ಮಜ್ಜಾನ ಮೂರೂವರೆ ಕಳುದ ಮತ್ತೆ.